ಲಿಪಿಯಿಲ್ಲದ ರುಜುಗಳು: ಹೋಪಿ ನಾಡಿನ ಬಂಡೆಗಳನ್ನು ಓದುವುದು ಹೇಗೆ?

ಶಾಸನ ಅಂದ ಕೂಡಲೇ ನಮಗೆ ಮೊದಲು ನೆನಪಾಗುವುದು ಲಿಪಿ. ಅಕ್ಷರ ಇದ್ದರೆ ಓದುತ್ತೇವೆ, ಕಾಲ ಗೊತ್ತುಮಾಡುತ್ತೇವೆ, ಯಾರು ಯಾರಿಗೆ ಏನು ಕೊಟ್ಟರು ಅಂತ ಬರೆದಿಡುತ್ತೇವೆ. ಅಕ್ಷರವಿಲ್ಲದ ಕಲ್ಲು ಸಿಕ್ಕರೆ ಟಿಪ್ಪಣಿಯಲ್ಲಿ "ಚಿತ್ರ" ಅಂತ ಒಂದು ಮಾತು ಸೇರಿಸಿ ಮುಂದೆ ಹೋಗುತ್ತೇವೆ. ಈ ಅಭ್ಯಾಸ ಎಷ್ಟು ಸರಿ ಅನ್ನೋ ಪ್ರಶ್ನೆಯನ್ನು ನನ್ನಲ್ಲಿ ಗಟ್ಟಿಯಾಗಿ ಎಬ್ಬಿಸಿದ್ದು ಅಮೆರಿಕದ ನೈರುತ್ಯ ಭಾಗದಲ್ಲಿ ಮಾಡಿದ ಒಂದು ಪ್ರವಾಸ. ನ್ಯೂ ಮೆಕ್ಸಿಕೋ, ಕೊಲರಾಡೋ, ಅರಿಝೋನಾ ರಾಜ್ಯಗಳಲ್ಲಿ ಪ್ಯೂಬ್ಲೋ ಜನರ ಪೂರ್ವಿಕರು ಬಾಳಿದ ಜಾಗಗಳನ್ನು ಪುರಾತತ್ತ್ವ ಬಲ್ಲವರೊಬ್ಬರ ಜೊತೆ ನೋಡಿ, ಕೊನೆಗೆ ಹೋಪಿ ಜನರ ಊರುಗಳಲ್ಲಿ ಹೋಪಿ ಮಾರ್ಗದರ್ಶಕರ ಹಿಂದೆ ನಡೆದ ಪ್ರವಾಸ ಅದು.

ಇದು ಪ್ರವಾಸಕಥನವಲ್ಲ. ದಾರಿಯಲ್ಲಿ ಸಿಕ್ಕ ಬಂಡೆಗಳನ್ನು ಒಂದು ಕ್ರಮದಲ್ಲಿ ನಿಮ್ಮ ಮುಂದೆ ಇಡುತ್ತೇನೆ: ನಾವು ಸುಲಭವಾಗಿ ಓದಬಲ್ಲದ್ದು ಮೊದಲು, ಊಹೆಯಿಂದ ಮಾತ್ರ ಓದುವಂಥದ್ದು ಆಮೇಲೆ, ಹಕ್ಕುದಾರರನ್ನು ಕೇಳಿಯೇ ಓದಬೇಕಾದದ್ದು ಕೊನೆಗೆ. ಆ ಕೊನೆಯ ಗುಂಪಿನ ಗುರುತುಗಳು 1894ರಲ್ಲಿ ಒಂದು ಸರಕಾರಿ ಕಾಗದದ ಮೇಲೂ ಮೂಡಿದವು. ಅಲ್ಲಿಗೆ ತಲುಪುವುದೇ ಈ ಬರಹದ ಗುರಿ.

ಮೊದಲು ಹೆಸರುಗಳು

"ಪ್ಯೂಬ್ಲೋ" ಅನ್ನುವುದು ಸ್ಪ್ಯಾನಿಷ್ ಪದ. ಊರು, ಹಳ್ಳಿ ಅಂತ ಅರ್ಥ. ಕಲ್ಲು, ಮಣ್ಣಿನಿಂದ ಒಂದಕ್ಕೊಂದು ಅಂಟಿಕೊಂಡ ಮನೆಗಳನ್ನು ಕಟ್ಟಿ, ಜೋಳ (ನಮ್ಮ ಮುಸುಕಿನ ಜೋಳ), ಹುರುಳಿಕಾಯಿ ಜಾತಿಯ ಕಾಳು, ಕುಂಬಳ ಬೆಳೆದು ಬದುಕುತ್ತಿದ್ದ ಜನರನ್ನು ಸ್ಪೇನಿನವರು ಹಾಗೆ ಕರೆದರು. ಇವರೆಲ್ಲ ಒಂದೇ ಭಾಷೆಯವರು ಅಂದುಕೊಳ್ಳಬೇಡಿ. ಇಂದಿನ ಪ್ಯೂಬ್ಲೋ ಜನರಲ್ಲಿ ಪರಸ್ಪರ ಸಂಬಂಧವಿಲ್ಲದ ಹಲವು ಭಾಷಾಕುಟುಂಬಗಳಿವೆ. ಹೋಪಿ ಭಾಷೆ ಯೂಟೋ-ಆಝ್ಟೆಕನ್ ಕುಟುಂಬಕ್ಕೆ ಸೇರಿದರೆ, ಝೂನಿ ಭಾಷೆಗೆ ಗೊತ್ತಿರುವ ನೆಂಟರೇ ಇಲ್ಲ.

ಹಳೆಯ ಪುಸ್ತಕಗಳಲ್ಲಿ ಈ ಪೂರ್ವಿಕರಿಗೆ "ಅನಸಾಝಿ" ಅನ್ನುವ ಹೆಸರು ಸಿಗುತ್ತದೆ. ಅದು ನೆರೆಯ ನವಾಹೋ ಜನರ ಭಾಷೆಯ ಮಾತು. ಅದನ್ನು ಹಳಬರು ಅಂತಲೂ, ಶತ್ರುಗಳ ಪೂರ್ವಿಕರು ಅಂತಲೂ ಅರ್ಥ ಮಾಡುತ್ತಾರೆ. ನಮ್ಮ ಅಜ್ಜಂದಿರನ್ನು ಪಕ್ಕದೂರಿನವರು ಕರೆದ ಹೆಸರಿನಿಂದ ಯಾಕೆ ಕರೆಯಬೇಕು ಅಂತ ಪ್ಯೂಬ್ಲೋ ಜನ ಆಕ್ಷೇಪಿಸಿದರು. ಈಗ ವಿದ್ವಾಂಸರು "ಪೂರ್ವಿಕ ಪ್ಯೂಬ್ಲೋ ಜನ" ಅನ್ನುತ್ತಾರೆ. ಹೋಪಿಗಳದೇ ಮಾತು "ಹಿಸತ್ಸಿನೋಮ್", ಅಂದರೆ ಬಹು ಹಿಂದಿನ ಜನ. ಹೆಸರಿನ ಈ ಜಗಳ ಚಿಕ್ಕದಾಗಿ ಕಾಣಬಹುದು. ಆದರೆ ಹೆಸರು ಬದಲಾದ ಕೂಡಲೇ ವಾರಸುದಾರರು ಯಾರು ಅನ್ನುವ ಪ್ರಶ್ನೆಗೆ ಉತ್ತರವೂ ಬದಲಾಗುತ್ತೆ ನೋಡಿ. ಮುಂದೆ ಇದು ಮುಖ್ಯವಾಗುತ್ತದೆ.

ಎಲ್ ಮೊರೋ: ಓದಲು ಬರುವ ಬಂಡೆ

ನ್ಯೂ ಮೆಕ್ಸಿಕೋದ ಪಶ್ಚಿಮ ಭಾಗದಲ್ಲಿ ಸುಮಾರು 200 ಅಡಿ ಎತ್ತರದ ಮರಳುಗಲ್ಲಿನ ಒಂದು ದೊಡ್ಡ ಗೋಡೆಯಿದೆ. ಅದರ ಬುಡದಲ್ಲಿ ಮಳೆ, ಹಿಮದ ನೀರು ನಿಲ್ಲುವ ಒಂದು ಹೊಂಡ. ಒಣನಾಡಿನಲ್ಲಿ ನೀರಿರುವ ಜಾಗ ಅಂದರೆ ದಾರಿಹೋಕರೆಲ್ಲ ತಂಗುವ ಜಾಗ. ಹಾಗೆ ತಂಗಿದವರು ಬಂಡೆಯ ಮೇಲೆ ಗುರುತು ಬಿಟ್ಟುಹೋದರು. ಹಳೆಯ ಕೊರೆಚಿತ್ರಗಳು, ಸ್ಪ್ಯಾನಿಷ್ ಬರಹಗಳು, ಇಂಗ್ಲಿಷ್ ಹೆಸರುಗಳು ಎಲ್ಲ ಸೇರಿ ಎರಡು ಸಾವಿರಕ್ಕೂ ಹೆಚ್ಚಿವೆ. ಬಂಡೆಯ ನೆತ್ತಿಯ ಮೇಲೆ ಅತ್ಸಿನ್ನಾ ಎಂಬ ಹಳೆಯ ಊರಿನ ಅವಶೇಷಗಳಿವೆ. ಝೂನಿ ಜನ ಅದನ್ನು ತಮ್ಮ ಪೂರ್ವಿಕರ ಊರು ಅನ್ನುತ್ತಾರೆ.

ಶಾಸನಪ್ರಿಯರಿಗೆ ಇಲ್ಲಿ ಹಬ್ಬ. ಸ್ಪ್ಯಾನಿಷ್ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಒಕ್ಕಣೆಯಿದೆ: "ಇಲ್ಲಿಂದ ಹಾದುಹೋದರು". ನಮ್ಮ ಶಾಸನಗಳಲ್ಲಿ "ಸ್ವಸ್ತಿ" ಕಂಡರೆ ಮುಂದಿನದನ್ನು ಅರ್ಧ ಊಹಿಸಬಹುದಲ್ಲ, ಹಾಗೆಯೇ. ಇವುಗಳಲ್ಲಿ ಹೆಸರುವಾಸಿಯಾದದ್ದು ಹುವಾನ್ ದೆ ಒನ್ಯಾತೆಯ ಬರಹ. ನ್ಯೂ ಮೆಕ್ಸಿಕೋವನ್ನು ಸ್ಪೇನಿನ ವಸಾಹತು ಮಾಡಿದ ಗವರ್ನರ್ ಈತ. ದಕ್ಷಿಣ ಸಮುದ್ರವನ್ನು ಕಂಡು ಹಿಂದಿರುಗುವಾಗ 1605ರ ಏಪ್ರಿಲ್ 16ರಂದು ಇಲ್ಲಿಂದ ಹಾದುಹೋದೆ ಎಂಬುದು ಸಾರಾಂಶ. ಹೆಸರು, ಬಿರುದು, ತೇದಿ, ಕಾರಣ: ಶಾಸನವೊಂದರಲ್ಲಿ ನಾವು ಹುಡುಕುವ ನಾಲ್ಕೂ ಇವೆ.

ಬರಹ ಹೇಳದೇ ಬಿಟ್ಟದ್ದೂ ಇದೆ. ಇದಕ್ಕೆ ಆರು ವರ್ಷ ಮೊದಲು, 1599ರ ಜನವರಿಯಲ್ಲಿ, ಇದೇ ಒನ್ಯಾತೆಯ ಸೈನ್ಯ ಆಕೊಮಾ ಎಂಬ ಬೆಟ್ಟದೂರಿನ ಮೇಲೆ ಬಿದ್ದು ನೂರಾರು ಜನರನ್ನು ಕೊಂದಿತ್ತು. ಸೆರೆಸಿಕ್ಕ 25 ವರ್ಷ ದಾಟಿದ ಗಂಡಸರಿಗೆ ಒಂದು ಪಾದ ಕತ್ತರಿಸುವ, ಇಪ್ಪತ್ತು ವರ್ಷ ಜೀತದ ಶಿಕ್ಷೆ ವಿಧಿಸಲಾಯಿತು. ಪ್ರಶಸ್ತಿಗಳನ್ನು ಓದಿ ಪಳಗಿದ ನಮಗೆ ಇದರಲ್ಲಿ ಹೊಸತೇನಿಲ್ಲ. ಕಲ್ಲಿನ ಮೇಲೆ ಅಕ್ಷರವಿದ್ದ ಮಾತ್ರಕ್ಕೆ ಪೂರ್ತಿ ಕಥೆ ಸಿಕ್ಕಿತು ಅಂತಲ್ಲ.

ಸಂರಕ್ಷಣೆಯ ವಿಷಯದಲ್ಲೂ ಎಲ್ ಮೊರೋ ಒಂದು ಪಾಠ. 1906ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕ ಮಾಡಿದ ಮೇಲೆ ಹೊಸದಾಗಿ ಹೆಸರು ಕೆತ್ತುವುದು ಅಪರಾಧವಾಯಿತು. 1920ರ ದಶಕದಲ್ಲಿ ಅಲ್ಲಿನ ಮೇಲ್ವಿಚಾರಕರು ಆಮೇಲೆ ಬಂದ ಹೆಸರುಗಳನ್ನು ಉಜ್ಜಿ ಅಳಿಸಿದರು. ಹಳೆಯ ಬರಹಗಳು ಎದ್ದು ಕಾಣಲಿ ಅಂತ ಪೆನ್ಸಿಲಿನಿಂದ ತೀಡಿದರು. ನಮ್ಮಲ್ಲಿ ಫೋಟೋಕ್ಕಾಗಿ ಅಕ್ಷರಗಳಿಗೆ ಸೀಮೆಸುಣ್ಣ ತುಂಬುತ್ತಾರಲ್ಲ, ಅದರ ಅಣ್ಣ. ಈಗ ಎರಡೂ ಅಲ್ಲಿ ನಿಷಿದ್ಧ.

ಗಂಟಿನಲ್ಲಿ ಬಂದ ತೇದಿ

ಅಕ್ಷರವಿಲ್ಲದವರು ತೇದಿಯನ್ನು ಹೇಗೆ ಮುಟ್ಟಿಸುತ್ತಿದ್ದರು? ಇದಕ್ಕೆ ಇತಿಹಾಸದಲ್ಲಿ ದಾಖಲಾದ ಉತ್ತರವೊಂದಿದೆ. 1680ರಲ್ಲಿ ಪ್ಯೂಬ್ಲೋ ಜನ ಸ್ಪ್ಯಾನಿಷ್ ಆಡಳಿತದ ವಿರುದ್ಧ ಒಟ್ಟಾಗಿ ದಂಗೆಯೆದ್ದರು. ಭಾಷೆ ಬೇರೆ ಬೇರೆ, ಊರುಗಳು ನೂರಾರು ಮೈಲಿ ದೂರ. ನಾಯಕ ಪೊಪೇ ಮತ್ತು ಜೊತೆಯವರು ಓಟಗಾರರ ಕೈಯಲ್ಲಿ ಗಂಟು ಹಾಕಿದ ಹುರಿಗಳನ್ನು ಊರೂರಿಗೆ ಕಳಿಸಿದರು. ದಿನಕ್ಕೊಂದು ಗಂಟು ಬಿಚ್ಚಬೇಕು. ಗಂಟು ಮುಗಿದ ದಿನ ದಂಗೆ. ಇಬ್ಬರು ಓಟಗಾರರು ಸಿಕ್ಕಿಬಿದ್ದದ್ದರಿಂದ ದಂಗೆ ಮುಂಚಿತವಾಗಿ, ಆಗಸ್ಟ್ 10ರಂದೇ, ಶುರುವಾಯಿತು. ಸ್ಪೇನಿನವರು ಸಾಂತಾ ಫೇ ಬಿಟ್ಟು ಹೋದರು. ಹನ್ನೆರಡು ವರ್ಷ ಮರಳಿ ನೆಲೆಯೂರಲಾಗಲಿಲ್ಲ. ಹೋಪಿ ಊರುಗಳೂ ಈ ದಂಗೆಯಲ್ಲಿದ್ದವು.

ಹುರಿಯ ಗಂಟು ಲಿಪಿಯಲ್ಲ. ಆದರೂ ಕಳಿಸಿದವನು, ಪಡೆದವನು ಇಬ್ಬರಿಗೂ ಒಂದೇ ಅರ್ಥ ಕೊಟ್ಟಿತು. ಸಂದೇಶ ಅನ್ನಲು ಅಷ್ಟು ಸಾಕಲ್ಲವೇ?

ಚಾಕೋ: ಬಿಸಿಲಿನ ಬಾಕು

ಎಲ್ ಮೊರೋದಿಂದ ಉತ್ತರಕ್ಕೆ, ಮಣ್ಣು ರಸ್ತೆಯಲ್ಲಿ ಗಾಡಿ ಕುಲುಕಿಕೊಂಡು ಹೋದರೆ ಚಾಕೋ ಕಣಿವೆ. ಸುಮಾರು 850ರಿಂದ 1150ರವರೆಗೆ ಇದು ಆ ನಾಡಿನ ದೊಡ್ಡ ಕೇಂದ್ರ. ಅಲ್ಲಿನ ಪ್ಯೂಬ್ಲೋ ಬೊನಿಟೋ ಎಂಬ ಕಟ್ಟಡದಲ್ಲಿ ಆರುನೂರಕ್ಕೂ ಹೆಚ್ಚು ಕೋಣೆಗಳು, ನಾಲ್ಕು ಅಂತಸ್ತು. ಸೀಳಿದ ಮರಳುಗಲ್ಲಿನ ಗೋಡೆಗಳ ಹೆಣಿಗೆ ನೋಡಿದರೆ ಕೈಯಿಟ್ಟು ಮುಟ್ಟಬೇಕು ಅನ್ನಿಸುತ್ತೆ. ಮುಟ್ಟಬಾರದು. ನಮ್ಮಲ್ಲಿ ರಾಷ್ಟ್ರಕೂಟರು, ಆಮೇಲೆ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲ ಅದು ಅಂತ ಇಟ್ಟುಕೊಂಡರೆ ಕಾಲದ ಅಳತೆ ಸಿಗುತ್ತದೆ.

ಕಣಿವೆಯ ಬಾಯಲ್ಲಿ ಫಹಾಡಾ ಎಂಬ ಒಂಟಿ ಗುಡ್ಡ ನಿಂತಿದೆ. ಅದರ ತುದಿಯ ಹತ್ತಿರ ಮೂರು ಚಪ್ಪಡಿಗಳು ಬಂಡೆಗೆ ಒರಗಿವೆ, ಅವುಗಳ ಹಿಂದೆ ಸುರುಳಿಯಾಕಾರದ ಎರಡು ಕೊರೆಚಿತ್ರಗಳು. 1977ರಲ್ಲಿ ಆನಾ ಸೊಫೇರ್ ಎಂಬ ಕಲಾವಿದೆ ಕೊರೆಚಿತ್ರಗಳನ್ನು ದಾಖಲಿಸಲು ಹತ್ತಿದಾಗ ಒಂದು ಸಂಗತಿ ಗಮನಿಸಿದರು. ಬೇಸಗೆಯಲ್ಲಿ ಹಗಲು ಅತಿ ಉದ್ದವಾಗಿರುವ ದಿನ, ನಡುಹಗಲಿಗೆ ಸ್ವಲ್ಪ ಮೊದಲು, ಚಪ್ಪಡಿಗಳ ಸಂದಿಯಿಂದ ಇಳಿಯುವ ಬಿಸಿಲಿನ ಒಂದು ಸೀಳು ದೊಡ್ಡ ಸುರುಳಿಯ ನಟ್ಟನಡುವೆ ಹಾದುಹೋಗುತ್ತದೆ. ಚಳಿಗಾಲದಲ್ಲಿ ಹಗಲು ಅತಿ ಗಿಡ್ಡವಾದ ದಿನ ಎರಡು ಸೀಳುಗಳು ಸುರುಳಿಯ ಎರಡು ಅಂಚನ್ನು ಮುಟ್ಟುತ್ತವೆ. "ಬಿಸಿಲಿನ ಬಾಕು" ಅಂತ ಇದಕ್ಕೆ ಹೆಸರು ಬಿತ್ತು.

ಸುದ್ದಿ ಹರಡಿತು, ಜನ ಹತ್ತಿದರು. ಕಾಲ್ತುಳಿತಕ್ಕೆ ಬುಡದ ಮಣ್ಣು ಸವೆದು 1989ರ ಹೊತ್ತಿಗೆ ಚಪ್ಪಡಿಗಳು ಜಾರಿದ್ದವು. ಬಾಕು ಈಗ ತನ್ನ ಜಾಗದಲ್ಲಿ ಬೀಳುವುದಿಲ್ಲ. ಏಳೆಂಟು ನೂರು ವರ್ಷ ಉಳಿದದ್ದು, ನೋಡಬೇಕು ಅನ್ನುವ ಆಸೆಯಿಂದ ಹನ್ನೆರಡೇ ವರ್ಷದಲ್ಲಿ ಕೆಟ್ಟಿತು. ಗುಡ್ಡ ಹತ್ತಲು ಈಗ ಸಂದರ್ಶಕರಿಗೆ ಅವಕಾಶವಿಲ್ಲ. ನಾವೂ ಕೆಳಗಿನಿಂದಲೇ ನೋಡಿದೆವು.

ಅದೇ ಕಣಿವೆಯ ಇನ್ನೊಂದು ಕಡೆ ಬಂಡೆಯ ಚಾಚಿನ ಅಡಿಯಲ್ಲಿ ಬಣ್ಣದಲ್ಲಿ ಬರೆದ ಒಂದು ನಕ್ಷತ್ರ, ಒಂದು ಬಾಲಚಂದ್ರ, ಒಂದು ಅಂಗೈ ಇವೆ. 1054ರಲ್ಲಿ ಚೀನಾದವರು ದಾಖಲಿಸಿದ ನಕ್ಷತ್ರಸ್ಫೋಟದ ಚಿತ್ರ ಇದು ಅನ್ನುವ ವಾದ ಬಹಳ ಜನಪ್ರಿಯ. ಹೊಂದುತ್ತದೆ, ನಿಜ. ಆದರೆ ಬರೆದವರು ತೇದಿ ಹಾಕಿಲ್ಲ. ಬೇರೆ ನಕ್ಷತ್ರವೂ ಆಗಬಹುದು, ಬೇರೆ ಅರ್ಥವೂ ಇರಬಹುದು. ಬಿಸಿಲಿನ ಬಾಕಿನಲ್ಲಿ ಕನಿಷ್ಠ ಸೂರ್ಯನೇ ಸಾಕ್ಷಿ ಹೇಳುತ್ತಾನೆ, ಇಲ್ಲಿ ಸಾಕ್ಷಿಯಿಲ್ಲ. ಓದುವ ಆಸೆ ಹೆಚ್ಚಾದಷ್ಟೂ ಓದು ಸಡಿಲವಾಗುತ್ತದೆ ಅನ್ನುವುದಕ್ಕೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಮರ ಬರೆದ ಪಂಚಾಂಗ

ತೇದಿಯಿಲ್ಲದ ನಾಡಿನಲ್ಲಿ 850, 1150 ಅಂತ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬಹುದು. ಉತ್ತರ ಮರದ ತೊಲೆಗಳಲ್ಲಿದೆ. ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಮಳೆ ಬಂದ ವರ್ಷ ದಪ್ಪ, ಬರಗಾಲದಲ್ಲಿ ಸಣ್ಣ. ದಪ್ಪ-ಸಣ್ಣದ ಈ ಸಾಲು ಆ ಪ್ರದೇಶದ ಮರಗಳಲ್ಲೆಲ್ಲ ಒಂದೇ ತರಹ ಇರುತ್ತದೆ. ಎ. ಇ. ಡಗ್ಲಸ್ ಎಂಬ ಖಗೋಳಜ್ಞ ಜೀವಂತ ಮರಗಳಿಂದ ಶುರುಮಾಡಿ, ಹೋಪಿಗಳ ಒರೈಬಿ ಊರಿನ ಹಳೆಯ ತೊಲೆಗಳೂ ಸೇರಿದಂತೆ ಒಂದೊಂದನ್ನೇ ಜೋಡಿಸುತ್ತ ಹಿಂದೆ ಹಿಂದೆ ಹೋದ. ಪಾಳು ಕಟ್ಟಡಗಳ ತೊಲೆಗಳಿಂದ ಇನ್ನೊಂದು ಹಳೆಯ ಸಾಲು ಸಿಕ್ಕಿತ್ತು, ಆದರೆ ಎರಡರ ನಡುವೆ ಕೊಂಡಿ ಇರಲಿಲ್ಲ. 1929ರ ಜೂನ್‌ನಲ್ಲಿ ಅರಿಝೋನಾದ ಶೋ ಲೋ ಊರಿನಲ್ಲಿ ಸುಟ್ಟ ತೊಲೆಯ ತುಂಡೊಂದು ಸಿಕ್ಕಿ ಕೊಂಡಿ ಬೆಸೆಯಿತು. ಎಚ್‌ಎಚ್-39 ಎಂಬುದು ಅದರ ಸಂಖ್ಯೆ. ಅಂದಿನಿಂದ ಹತ್ತಾರು ಪಾಳೂರುಗಳಿಗೆ ವರ್ಷದ ಲೆಕ್ಕದಲ್ಲಿ ಕಾಲ ಸಿಕ್ಕಿತು. ಶಕವರ್ಷ, ಸಂವತ್ಸರ ಎರಡೂ ಕೊಡುವ ಶಾಸನವೊಂದು ಇಡೀ ವಂಶಾವಳಿಯನ್ನು ನೇರಮಾಡುತ್ತಲ್ಲ, ಅಂಥದ್ದೇ ಕೆಲಸ ಇದು.

ಉಂಗುರಗಳು ಕಾಲ ಹೇಳುತ್ತವೆ. ಯಾರು, ಯಾಕೆ ಅಂತ ಹೇಳುವುದಿಲ್ಲ.

ಮೇಸಾ ವರ್ಡೆ: 1942ರಲ್ಲಿ ಬಂದ ನಾಲ್ವರು

ಕೊಲರಾಡೋದ ಮೇಸಾ ವರ್ಡೆಯಲ್ಲಿ ಬೆಟ್ಟದ ಕಡಿದಾದ ಗೋಡೆಗಳ ಪೊಟರೆಗಳಲ್ಲಿ ಕಟ್ಟಿದ ಊರುಗಳಿವೆ. ಅದರಲ್ಲಿ ದೊಡ್ಡದಾದ ಕ್ಲಿಫ್ ಪ್ಯಾಲೇಸಿನಲ್ಲಿ ಸುಮಾರು 150 ಕೋಣೆಗಳು. ಹದಿಮೂರನೇ ಶತಮಾನದ ಕೊನೆಗೆ ಜನ ಇಲ್ಲಿಂದ ಹೊರಟುಹೋದರು. 1276ರಿಂದ 1299ರವರೆಗಿನ ದೊಡ್ಡ ಬರಗಾಲ ಮರದ ಉಂಗುರಗಳಲ್ಲಿ ಸ್ಪಷ್ಟವಾಗಿದೆ. ಅದರ ಜೊತೆ ಜಗಳ, ಜನಸಂದಣಿ ಇತ್ಯಾದಿ ಕಾರಣಗಳನ್ನೂ ಸೇರಿಸುತ್ತಾರೆ. "ನಿಗೂಢವಾಗಿ ಕಣ್ಮರೆಯಾದ ಜನ" ಅಂತ ಬಹಳ ಕಾಲ ಬರೆದರು. ಕಣ್ಮರೆ ಏನೂ ಆಗಲಿಲ್ಲ. ದಕ್ಷಿಣಕ್ಕೆ, ನೀರಿದ್ದ ಕಡೆಗೆ ನಡೆದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿನ ಹೋಪಿ, ಝೂನಿ ಮತ್ತು ರಿಯೋ ಗ್ರಾಂಡೆ ದಂಡೆಯ ಪ್ಯೂಬ್ಲೋ ಊರುಗಳಲ್ಲಿದ್ದಾರೆ.

ಇಲ್ಲಿ ಕಾಲುದಾರಿಯಲ್ಲಿ ಹೋದರೆ ಒಂದು ದೊಡ್ಡ ಕೊರೆಚಿತ್ರದ ಬಂಡೆ ಸಿಗುತ್ತದೆ: ಅಂಗೈಗಳು, ಸುರುಳಿಗಳು, ಪ್ರಾಣಿಗಳು, ಮನುಷ್ಯರು. 1942ರಲ್ಲಿ ಹೋಪಿ ನಾಡಿನಿಂದ ಬಂದ ನಾಲ್ವರು ಇದರ ಕೆಲವು ಗುರುತುಗಳನ್ನು ವಿವರಿಸಿದರು. ಅವರ ಪ್ರಕಾರ ಒಂದು ಚೌಕ ಸುರುಳಿ ಜನ ಭೂಮಿಯೊಳಗಿನಿಂದ ಮೇಲೆ ಬಂದ ಜಾಗವನ್ನು ತೋರಿಸುತ್ತದೆ. ಅಲ್ಲಿಂದ ಹೊರಟ ಗೆರೆಯ ಅಕ್ಕಪಕ್ಕದಲ್ಲಿ ಹದ್ದು, ಕಾಡುಕುರಿ, ಗಿಳಿ, ಮುಳ್ಳುಓತಿ ಮುಂತಾದ ಗುರುತುಗಳು ಬೇರೆ ಬೇರೆ ಬಳಿಗಳ ವಲಸೆಯನ್ನು ಹೇಳುತ್ತವೆ.

"ಬಳಿ" ಅನ್ನುವ ಪದವನ್ನು ಬೇಕೆಂದೇ ಬಳಸಿದ್ದೇನೆ. ತುಳುನಾಡಿನಲ್ಲಿ ಬಳಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಒಂದೇ ಬಳಿಯವರು ಮದುವೆಯಾಗುವುದಿಲ್ಲ. ಹೋಪಿಗಳಲ್ಲೂ ಎರಡೂ ಹಾಗೆಯೇ. ಕರಡಿ, ಜೇಡ, ಜೋಳ, ಸೂರ್ಯ, ಹಾವು, ಬಿಲ್ಲು, ಗಿಳಿ, ನೀರು ಹೀಗೆ ಪ್ರತಿ ಬಳಿಗೂ ಒಂದು ಹೆಸರು, ಹೆಸರಿಗೊಂದು ಗುರುತು, ಗುರುತಿಗೊಂದು ವಲಸೆಯ ಕಥೆ.

ಇಲ್ಲಿ ಒಂದು ಎಚ್ಚರ ಬೇಕು. ಹದಿಮೂರನೇ ಶತಮಾನದ ಗುರುತನ್ನು 1942ರಲ್ಲಿ ವಿವರಿಸಿದರೆ ಅದು ಮೂಲ ಅರ್ಥವೇ ಅಂತ ಹೇಗೆ ನಂಬುವುದು? ಏಳುನೂರು ವರ್ಷದಲ್ಲಿ ಅರ್ಥ ಬದಲಾಗಿರಬಹುದು. ನಿಜ, ಆ ಸಂಶಯ ಇಟ್ಟುಕೊಳ್ಳಲೇಬೇಕು. ಆದರೆ ಹೊರಗಿನವರ ಊಹೆಗೂ ಈ ವಿವರಣೆಗೂ ಒಂದು ವ್ಯತ್ಯಾಸವಿದೆ: ಈ ನಾಲ್ವರು ಅದೇ ಗುರುತುಗಳನ್ನು ತಮ್ಮ ಊರಲ್ಲಿ ಇನ್ನೂ ಬಳಸುತ್ತಿದ್ದ ಸಮಾಜದವರು. ಆ ಬಳಕೆ ಎಷ್ಟು ಗಟ್ಟಿಯಾಗಿತ್ತು ಅಂತ ತಿಳಿಯಲು ಹೋಪಿ ನಾಡಿಗೇ ಹೋಗಬೇಕು.

ಹೋಪಿ ಊರುಗಳು: ಕ್ಯಾಮೆರಾ ಒಳಗಿಡಿ

ಅರಿಝೋನಾದ ಈಶಾನ್ಯದಲ್ಲಿ, ಸುತ್ತಲೂ ನವಾಹೋ ನಾಡು ಆವರಿಸಿದ ನಡುವೆ, ಹೋಪಿ ಮೀಸಲು ಪ್ರದೇಶವಿದೆ. 264ನೇ ಹೆದ್ದಾರಿ ಹಿಡಿದು ಹೋದರೆ ಮೂರು ಮೇಸಾಗಳು, ಅಂದರೆ ನೆತ್ತಿ ಚಪ್ಪಟೆಯಾದ ಬೆಟ್ಟಗಳು, ಸಾಲಾಗಿ ಸಿಗುತ್ತವೆ. ಅವುಗಳ ಮೇಲೆ, ಬುಡದಲ್ಲಿ ಒಟ್ಟು ಹನ್ನೆರಡರಷ್ಟು ಊರುಗಳು. ಮೂರನೇ ಮೇಸಾದ ಒರೈಬಿ ಹನ್ನೆರಡನೇ ಶತಮಾನದಿಂದಲೂ ಬಿಡದೆ ಜನವಾಸವಿರುವ ಊರು. ಮೊದಲ ಮೇಸಾದ ತುದಿಯಲ್ಲಿರುವ ವಾಲ್ಪಿ ಊರನ್ನು ಅಲ್ಲಿನವರೊಬ್ಬರ ಜೊತೆ ಮಾತ್ರ ನೋಡಬಹುದು.

ಊರಿನ ಬಾಗಿಲಲ್ಲೇ ಫಲಕವಿರುತ್ತದೆ: ಫೋಟೋ ತೆಗೆಯಬಾರದು, ಧ್ವನಿಮುದ್ರಣ ಮಾಡಬಾರದು, ಚಿತ್ರ ಬರೆಯಬಾರದು. ಇದಕ್ಕೆ ಕಾರಣವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಹಾವಿನ ಕುಣಿತ ನೋಡಲು ರೈಲಿನಲ್ಲಿ ಬಂದ ಜನ ಕ್ಯಾಮೆರಾ ಹಿಡಿದು ಅಂಗಳ ತುಂಬಿದರು. ಹೊರಗಿನವರಿಗೆ ತೋರಿಸಬಾರದ ಆಚರಣೆಗಳ ಚಿತ್ರಗಳು ಪುಸ್ತಕಗಳಲ್ಲಿ ಅಚ್ಚಾದವು, ಪೂಜಾವಸ್ತುಗಳು ಮ್ಯೂಸಿಯಂ ಸೇರಿದವು. ಹೋಪಿಗಳು ಬಾಗಿಲು ಹಾಕಿಕೊಂಡರು. ಹೋಪಿಗಳಲ್ಲಿ ಎಲ್ಲ ತಿಳಿವಳಿಕೆ ಎಲ್ಲರಿಗೂ ಅಲ್ಲ. ಒಂದು ಬಳಿಯ ವಿಷಯ ಇನ್ನೊಂದು ಬಳಿಯವರು ಹೇಳುವುದಿಲ್ಲ. ಕೊರೆಚಿತ್ರಗಳ ಮುಂದೆ ನಿಂತು ನಾನು ಒಂದು ಗುರುತಿನ ಬಗ್ಗೆ ಎರಡನೇ ಸಲ ಕೇಳಿದಾಗ ನಮ್ಮ ಹೋಪಿ ಮಾರ್ಗದರ್ಶಕರು, ಅದು ತಮ್ಮ ಬಳಿಯದಲ್ಲ, ಅವರ ಪರವಾಗಿ ತಾವು ಮಾತಾಡುವಂತಿಲ್ಲ ಅಂತ ಮೆಲ್ಲಗೆ ಹೇಳಿ ಮುಂದಿನ ಬಂಡೆಗೆ ನಡೆದರು. ಆ ಗುರುತಿಗೆ ಒಡೆಯರಿದ್ದಾರೆ ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು.

ತಾಂತ್ರಿಕ ವಿಷಯವೂ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಈ ಒಣನಾಡಿನ ಬಂಡೆಗಳ ಮೇಲೆ ಸಾವಿರಾರು ವರ್ಷಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಬೆರೆತ ಕಪ್ಪು ಪೊರೆ ಕಟ್ಟುತ್ತದೆ. ಗಟ್ಟಿ ಕಲ್ಲಿನಿಂದ ಕುಟ್ಟಿದರೆ ಪೊರೆ ಎದ್ದು ಒಳಗಿನ ತಿಳಿಬಣ್ಣ ಕಾಣುತ್ತದೆ. ಕಾಲ ಕಳೆದಂತೆ ಕುಟ್ಟಿದ ಜಾಗವೂ ಮತ್ತೆ ಕಪ್ಪಾಗುತ್ತದೆ. ಹಾಗಾಗಿ ಒಂದೇ ಬಂಡೆಯ ಮೇಲೆ ಮಸುಕಾದದ್ದು ಹಳತು, ಬೆಳ್ಳಗಿರುವುದು ಹೊಸತು ಅಂತ ಸ್ಥೂಲವಾಗಿ ಹೇಳಬಹುದು. ಕೈಯ ಎಣ್ಣೆ ತಾಗಿದರೂ ಈ ಪೊರೆ ಕೆಡುತ್ತದೆ, ಆದ್ದರಿಂದ ನಮ್ಮ ರೂಢಿಯ ಪಡಿಯಚ್ಚು ಇಲ್ಲಿ ಸಲ್ಲದು.

ಹೋಪಿಗಳು ಇವನ್ನು "ಕಲೆ" ಅನ್ನುವುದಕ್ಕಿಂತ "ಹೆಜ್ಜೆಗುರುತು" ಅನ್ನುತ್ತಾರೆ. ಅವರ ನಂಬಿಕೆಯಂತೆ ಈ ಭೂಮಿಯ ಒಡೆಯ ಮಾಸಾವ್. ನೆಲವನ್ನು ನೋಡಿಕೊಳ್ಳುವ ಮಾತು ಕೊಟ್ಟು ಅವರು ಇಲ್ಲಿ ಇರಲು ಒಪ್ಪಿಗೆ ಪಡೆದರು. ಬಳಿಗಳು ನಾಲ್ಕು ದಿಕ್ಕಿಗೆ ನಡೆದಾಗ ದಾರಿಯುದ್ದಕ್ಕೂ ಹೆಜ್ಜೆಗುರುತು ಬಿಡಬೇಕಿತ್ತು: ಪಾಳು ಮನೆಗಳು, ಒಡೆದ ಮಡಕೆ ಚೂರುಗಳು, ಸಮಾಧಿಗಳು, ಬಂಡೆಯ ಗುರುತುಗಳು. ಪುರಾತತ್ತ್ವಜ್ಞರು "ತೊರೆದ ಊರು" ಅಂತ ಬರೆಯುವುದನ್ನು ಹೋಪಿಗಳು ತಮ್ಮ ಸಾಕ್ಷಿ ಅಂತ ಓದುತ್ತಾರೆ. ಎರಡು ಓದಿಗೂ ಕಲ್ಲು ಒಂದೇ.

ತುತುವೇನಿ: ಐದು ಸಾವಿರ ರುಜು

ಈಗ ಮುಖ್ಯ ಜಾಗಕ್ಕೆ ಬಂದೆವು. ಟ್ಯೂಬಾ ಸಿಟಿಯ ಹತ್ತಿರ ತುತುವೇನಿ ಎಂಬ ಜಾಗವಿದೆ. ಹೋಪಿ ಭಾಷೆಯಲ್ಲಿ ಆ ಮಾತು ಬರಹಕ್ಕೆ ಸಂಬಂಧಿಸಿದ್ದು. ಹೋಪಿಗಳ ಇಂದಿನ ಪತ್ರಿಕೆಯ ಹೆಸರಲ್ಲೂ ಅದೇ ಪದವಿದೆ. ಸುಮಾರು 150 ಬಂಡೆಗಳ ಮೇಲೆ ಐದು ಸಾವಿರದಷ್ಟು ಬಳಿ ಗುರುತುಗಳು. ಒಳಗೆ ಹೋಗಲು ಅನುಮತಿ ಬೇಕು, ನಮ್ಮ ಪ್ರವಾಸದಲ್ಲಿ ಅದು ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುವುದು ಪ್ರಕಟವಾದ ದಾಖಲೆಗಳಿಂದ ತಿಳಿದದ್ದು.

ಹೋಪಿ ಯುವಕರು ದೀಕ್ಷೆಯ ಭಾಗವಾಗಿ ಉಪ್ಪು ತರಲು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಗೆ ನಡೆದುಹೋಗುತ್ತಿದ್ದರು. ಕಠಿಣವಾದ, ನೇಮನಿಷ್ಠೆಯ ಯಾತ್ರೆ. ದಾರಿಯಲ್ಲಿ ತುತುವೇನಿಯಲ್ಲಿ ನಿಂತು ಪ್ರತಿಯೊಬ್ಬನೂ ತನ್ನ ಬಳಿಯ ಗುರುತು ಕುಟ್ಟುತ್ತಿದ್ದ. ಮತ್ತೊಮ್ಮೆ ಯಾತ್ರೆಗೆ ಬಂದರೆ ಹಳೆಯ ಗುರುತಿನ ಪಕ್ಕದಲ್ಲೇ ಇನ್ನೊಂದು. ಹಾಗಾಗಿ ಅಲ್ಲಿನ ಬಂಡೆಗಳಲ್ಲಿ ಒಂದೇ ಗುರುತು ಸಾಲಾಗಿ ಮತ್ತೆ ಮತ್ತೆ ಬರುತ್ತದೆ: ಜೋಳ, ಜೋಳ, ಜೋಳ, ಕರಡಿಪಂಜ, ಕರಡಿಪಂಜ. ಒರೈಬಿಯ ಸೂರ್ಯ ಬಳಿಯ ಡಾನ್ ತಲಯೆಸ್ವಾ ತಾನು ಮಾಡಿದ ಯಾತ್ರೆಯ ಬಗ್ಗೆ ಹೇಳಿದ್ದನ್ನು ಮಾನವಶಾಸ್ತ್ರಜ್ಞ ಮಿಶಾ ಟಿಟಿಯೆವ್ 1937ರಲ್ಲಿ ಪ್ರಕಟಿಸಿದರು. ಮುಂದೆ ವೆಸ್ಲಿ ಬರ್ನಾರ್ಡಿನಿ ಹೋಪಿಗಳ ಜೊತೆ ಸೇರಿ ಈ ಬಂಡೆಗಳನ್ನು ಒಂದೊಂದಾಗಿ ದಾಖಲಿಸಿದರು.

ಶಾಸನ ಓದುವವರ ಪ್ರಶ್ನೆಗಳನ್ನು ಇಲ್ಲಿ ಕೇಳಿ ನೋಡಿ. ಯಾರು ಬರೆದರು? ಬಳಿ ಗೊತ್ತಾಗುತ್ತದೆ. ಯಾಕೆ? ಯಾತ್ರೆ ಪೂರೈಸಿದ ಗುರುತಿಗೆ. ಎಷ್ಟು ಸಲ? ಎಣಿಸಬಹುದು. ಮೊದಲು ಯಾವುದು, ಆಮೇಲೆ ಯಾವುದು? ಸಾಲು, ಪೊರೆಯ ಬಣ್ಣ ಎರಡೂ ಹೇಳುತ್ತವೆ. ಶ್ರವಣಬೆಳಗೊಳದ ಬೆಟ್ಟಗಳ ಮೇಲೆ ಯಾತ್ರಿಕರು ಬರೆಸಿಹೋದ ಚಿಕ್ಕ ಚಿಕ್ಕ ಬರಹಗಳಿವೆಯಲ್ಲ, ಬರೀ ಒಂದು ಹೆಸರು ಇರುವಂಥವು? ಅವು ನಮ್ಮ ಶಾಸನ ಸಂಪುಟಗಳಲ್ಲಿ ಸಂಖ್ಯೆ ಪಡೆದಿವೆ. ತುತುವೇನಿಯ ಗುರುತು ಅವುಗಳಿಗಿಂತ ಹೆಚ್ಚೇ ಮಾಹಿತಿ ಕೊಡುತ್ತದೆ. ಇದನ್ನು ಶಾಸನ ಅನ್ನದಿದ್ದರೆ ಅದನ್ನು ಯಾಕೆ ಅನ್ನಬೇಕು?

ಈ ಜಾಗ ಇವತ್ತು ನವಾಹೋ ನಾಡಿನ ಗಡಿಯೊಳಗಿದೆ. ಗಡಿಗೆರೆ ಎಳೆದದ್ದು ಆಮೇಲೆ, ಗುರುತುಗಳು ಬಹಳ ಮೊದಲಿನವು. ಸ್ಪ್ರೇ ಬಣ್ಣ ಬಳಿದು, ಹೆಸರು ಗೀಚಿ ಹಲವು ಗುರುತುಗಳನ್ನು ಕೆಡಿಸಿದ್ದಾರೆ. 2008ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಪಾಯದಲ್ಲಿರುವ ಜಾಗಗಳ ಪಟ್ಟಿಗೆ ಸೇರಿಸಿತು. ಆಮೇಲೆ ಬೇಲಿ, ಕ್ಯಾಮೆರಾ ಬಂದವು. ಬಂಡೆಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಬೆಳಗೊಳದಲ್ಲಿ ಒಂದು ಬರಹ ಅಳಿದರೂ ಸಂಪುಟದಲ್ಲಿ ಪಾಠ ಉಳಿಯುತ್ತದೆ. ಇಲ್ಲಿ ಸಾಲಿನ ನಡುವಿನ ಒಂದು ಗುರುತು ಹೋದರೆ ಒಬ್ಬ ಮನುಷ್ಯನ ಒಂದು ಯಾತ್ರೆಯೇ ಎಣಿಕೆಯಿಂದ ಹೋಯಿತು.

1894ರ ಕಾಗದ

ಬಳಿ ಗುರುತು ಬರೀ ಭಕ್ತಿಯ ವಿಷಯ ಅಂದುಕೊಂಡವರು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿರುವ ಒಂದು ಮನವಿಯನ್ನು ನೋಡಬೇಕು. 1887ರ ಡಾಸ್ ಕಾಯ್ದೆ ಅಮೆರಿಕದ ಮೂಲನಿವಾಸಿಗಳ ಸಾಮೂಹಿಕ ಭೂಮಿಯನ್ನು ತುಂಡು ಮಾಡಿ ಒಬ್ಬೊಬ್ಬ ಮನೆಯೊಡೆಯನ ಹೆಸರಿಗೆ ಬರೆಯುವ ಕಾನೂನು. ಅದನ್ನು ಹೋಪಿ ನಾಡಿಗೂ ತರಲು ಸರ್ವೆಯವರು ಬಂದರು. ಹೋಪಿಗಳಲ್ಲಿ ಮನೆ, ಹೊಲ ಎರಡೂ ಹೆಂಗಸರ ಕಡೆಯಿಂದ ಬರುತ್ತವೆ. ಮೇಲಾಗಿ ಅಲ್ಲಿ ಗಾಳಿಗೆ ಮರಳು ಸರಿಯುತ್ತದೆ, ಪ್ರವಾಹಕ್ಕೆ ಹಳ್ಳ ದಾರಿ ಬದಲಿಸುತ್ತದೆ; ಈ ವರ್ಷ ಬೆಳೆದ ಜಾಗದಲ್ಲಿ ಮುಂದಿನ ವರ್ಷ ಬೆಳೆ ಬಾರದಿರಬಹುದು. ಕಲ್ಲು ನೆಟ್ಟು ಎಲ್ಲೆ ಮಾಡಿದರೆ ಬೇಸಾಯವೇ ನಿಂತುಹೋಗುತ್ತದೆ.

1894ರ ಮಾರ್ಚ್‌ನಲ್ಲಿ ಹೋಪಿಗಳು ವಾಷಿಂಗ್ಟನ್ನಿಗೆ ಮನವಿ ಕಳಿಸಿದರು. ಬರವಣಿಗೆ ಇಂಗ್ಲಿಷಿನಲ್ಲಿ, ಪರಿಚಯದ ಬಿಳಿಯರ ನೆರವಿನಿಂದ. ಮೇಲಿನ ಕಾರಣಗಳನ್ನೆಲ್ಲ ವಿವರಿಸಿ, ಭೂಮಿ ಹಂಚಬೇಡಿ, ನಮ್ಮ ರೂಢಿಯಂತೆ ಇರಲು ಬಿಡಿ ಅಂತ ಕೇಳಿದ್ದರು. ಕೊನೆಗೆ ರುಜು. ಹೆಬ್ಬೆಟ್ಟಿನ ಗುರುತಿಲ್ಲ, ಅಡ್ಡಗೆರೆಯ ಗುರುತಿಲ್ಲ. 123 ಮುಖಂಡರು ತಮ್ಮ ತಮ್ಮ ಬಳಿಯ ಚಿಹ್ನೆ ಬರೆದು ಸಹಿ ಮಾಡಿದ್ದಾರೆ. ಬಂಡೆಯ ಮೇಲಿದ್ದ ಅದೇ ಬಗೆಯ ಗುರುತುಗಳು ಕಾಗದದ ಮೇಲೆ ಸಾಲಾಗಿ ನಿಂತಿವೆ.

ಅರ್ಜಿಗೆ ನೇರ ಉತ್ತರ ಬರಲಿಲ್ಲ. ಆದರೆ ಹಂಚಿಕೆ ಜಾರಿಯಾಗಲಿಲ್ಲ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಮತ್ತೊಮ್ಮೆ ಪ್ರಯತ್ನ ನಡೆದು, ಅದನ್ನೂ ಕೈಬಿಟ್ಟರು.

ಈ ಕಾಗದ ನೋಡಿದ ಮೇಲೆ ನನಗೆ ಅನ್ನಿಸುವುದಿಷ್ಟು. ಒಂದು ಗುರುತನ್ನು ಶಾಸನವಾಗಿಸುವುದು ಅಕ್ಷರಮಾಲೆಯಲ್ಲ. ಇದು ನಮ್ಮದು, ಇದನ್ನು ಹಾಕಿದವರು ನಾವು ಅಂತ ಒಂದು ಸಮಾಜ ಅದರ ಹಿಂದೆ ನಿಲ್ಲುವುದು. ಎಲ್ ಮೊರೋದ ಒನ್ಯಾತೆಯ ಅಕ್ಷರಗಳನ್ನು ಇವತ್ತು ಯಾರು ಬೇಕಾದರೂ ಓದಬಹುದು, ಆ ಸಾಮ್ರಾಜ್ಯವಿಲ್ಲ. ತುತುವೇನಿಯ ಜೋಳದ ಗುರುತನ್ನು ಎಲ್ಲರೂ ಓದಲಾರರು. ಆ ಬಳಿಯವರು ಇದ್ದಾರೆ.

ಹೋಗುವವರಿಗೆ ಕೆಲವು ಮಾತು

ಅಮೆರಿಕದಲ್ಲಿರುವ ನಮ್ಮ ಓದುಗರಲ್ಲಿ ಹಲವರು ಗ್ರ್ಯಾಂಡ್ ಕ್ಯಾನ್ಯನ್ ನೋಡಿಬರುತ್ತಾರೆ. ಅಲ್ಲಿಂದ ಹೋಪಿ ಊರುಗಳಿಗೆ ಕೆಲವೇ ಗಂಟೆಯ ದಾರಿ. ಹೋದರೆ ಹೋಪಿ ಮಾರ್ಗದರ್ಶಕರನ್ನೇ ಗೊತ್ತುಮಾಡಿಕೊಳ್ಳಿ. ಎರಡನೇ ಮೇಸಾದ ಹೋಪಿ ಕಲ್ಚರಲ್ ಸೆಂಟರಿನಲ್ಲಿ ವಿಚಾರಿಸಬಹುದು. ಆಚರಣೆಗಳಿರುವ ದಿನ ಊರು ಹೊರಗಿನವರಿಗೆ ಮುಚ್ಚಿರುತ್ತದೆ, ಬೇಸರಿಸಬೇಡಿ. ಬೇಸಗೆಯಲ್ಲಿ ಗಡಿಯಾರದ ಬಗ್ಗೆ ಎಚ್ಚರ: ನವಾಹೋ ನಾಡು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಹೋಪಿ ನಾಡು ಇಡುವುದಿಲ್ಲ. ಚಾಕೋಗೆ ಮಳೆ ಬಂದ ದಿನ ಹೋಗಬೇಡಿ, ರಸ್ತೆ ಕೆಸರಾಗುತ್ತದೆ. ಮಡಕೆ ಚೂರು ಕಂಡರೆ ಇದ್ದಲ್ಲೇ ಬಿಡಿ. ಒಯ್ಯುವುದು ಅಪರಾಧ, ಜೊತೆಗೆ ಅದು ಯಾರದೋ ಹೆಜ್ಜೆಗುರುತು. ಕೊರೆಚಿತ್ರಗಳ ಜಾಗದ ನಕ್ಷೆಯನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ. ಫಹಾಡಾ ಗುಡ್ಡಕ್ಕೆ ಆದದ್ದು ನೆನಪಿರಲಿ.

ಇನ್ನು ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಒಂದೇ ಮಾತು. ಬಳ್ಳಾರಿಯ ಕುಪ್ಪಗಲ್ಲಿನಂಥ ಕಡೆ ಬಂಡೆಯ ಮೇಲೆ ಕುಟ್ಟಿದ ಎತ್ತು, ಮನುಷ್ಯರ ಚಿತ್ರಗಳ ಪಕ್ಕದಲ್ಲೇ ಕಲ್ಲುಗಣಿಗಾರಿಕೆ ನಡೆದು ಹಲವು ಹಾಳಾಗಿವೆ. ಅವುಗಳನ್ನು ಬರೆದವರ ವಾರಸುದಾರರು ಯಾರು ಅಂತ ಗೊತ್ತುಮಾಡುವುದು ಸುಲಭವಲ್ಲ. ಆದರೆ ಊರ ಹೊರಗಿನ ಎಷ್ಟೋ ಕಲ್ಲುಗಳ ಮೇಲಿನ ಗುರುತುಗಳು ಅಷ್ಟು ಹಳೆಯವಲ್ಲ. ಮುಂದಿನ ಸಲ ಅಂಥದ್ದು ಕಂಡಾಗ ಟಿಪ್ಪಣಿಯಲ್ಲಿ "ಚಿತ್ರ" ಅಂತ ಬರೆದು ಹೊರಡುವ ಮೊದಲು ಊರೊಳಗೆ ಹೋಗಿ, ಇದು ಯಾರದ್ದು ಅಂತ ಹಿರಿಯರೊಬ್ಬರನ್ನು ಕೇಳಿ. ಉತ್ತರ ಸಿಕ್ಕರೆ ಅದನ್ನು ಪಾಠದಷ್ಟೇ ಜೋಪಾನವಾಗಿ ಬರೆದುಕೊಳ್ಳಿ. ಹೇಳುವುದಿಲ್ಲ ಅಂದರೆ, ಅದನ್ನೂ ಹಾಗೆಯೇ ಬರೆದುಕೊಳ್ಳಿ.